ಒಂದೇ ಕರೆಯಲ್ಲಿ ಎರಡು ಜೋಡಿ: ಗಣಕದ ಸ್ಪರ್ಧಾದೋಷ

ಕಾರ್ಕಳದ ಸಮೀಪದ ಮಿಯಾರಿನಲ್ಲಿ ನಡೆಯುವ ಕಂಬಳಕ್ಕೆ ಲವಕುಶ ಜೋಡುಕರೆ ಕಂಬಳವೆಂದು ಹೆಸರು. ಕಾಪು ತಾಲೂಕಿನ ಕಟಪಾಡಿಯ ಕಂಬಳವೂ ಜೋಡುಕರೆಯದೇ. ಕೆಸರುನೀರು ತುಂಬಿದ ಓಟದ ಪಥಕ್ಕೆ ಆ ಸೀಮೆಯಲ್ಲಿ ಕರೆ ಎನ್ನುತ್ತಾರೆ. ಕರೆಗಳು ಎರಡಾದುದರಿಂದ ಕೋಣಗಳ ಎರಡು ಜೋಡಿಗಳು ಏಕಕಾಲದಲ್ಲಿ ಓಡಿದರೂ ಒಂದು ಇನ್ನೊಂದಕ್ಕೆ ತೊಡಕಾಗದು. ಯಾವುದು ಮೊದಲು ಮುಟ್ಟಿತೆಂಬುದಷ್ಟೇ ಅಲ್ಲಿಯ ಪ್ರಶ್ನೆ. ಆ ಜೋಡಿಗಳನ್ನೇ ಒಂದು ಕರೆಗೆ ಬಿಟ್ಟರೆ ಒಮ್ಮೆ ಹಿಂದುಮುಂದಾಗಿ ಪಾರಾದಾವು, ಮತ್ತೊಮ್ಮೆ ಕೊಂಬಿಗೆ ಕೊಂಬು ಸಿಕ್ಕೀತು. ಗಣಕಶಾಸ್ತ್ರದಲ್ಲಿ ರೇಸ್ ಕಂಡಿಷನ್ ಎಂಬುದು ಈ ಎರಡನೆಯ ಬಗೆಯ ಓಟ. ಅದನ್ನಿಲ್ಲಿ ಸ್ಪರ್ಧಾದೋಷವೆಂದು ಕರೆಯೋಣ.

ಗಣಕಕ್ಕೆ ಜೋಡಿಸಿದ ಕೀಲಿಮಣೆ, ಮುದ್ರಣಯಂತ್ರ ಮೊದಲಾದ ಪ್ರತಿಯೊಂದು ಸಾಧನವನ್ನೂ ನಡೆಯಿಸುವ ಕ್ರಮವಿಧಿಗೆ ಡ್ರೈವರ್, ಅಂದರೆ ಚಾಲಕ ಎಂದು ಹೆಸರು. ಚಾಲಕನಿಗೆ ಇಬ್ಬರು ಯಜಮಾನರು. ಒಂದು ಕಡೆ ಬಳಕೆದಾರನ ಕಾರ್ಯಕ್ರಮವು ‘ಅಕ್ಷರ ಕೊಡು’ ಎಂದು ಬೇಡುತ್ತದೆ; ಇನ್ನೊಂದು ಕಡೆ ಸಾಧನವು ‘ಅಕ್ಷರ ಬಂದಿದೆ’ ಎಂದು ಹೊತ್ತುಗೊತ್ತಿಲ್ಲದೆ ಕೂಗುತ್ತದೆ. ಈ ಕೂಗಿಗೆ ಇಂಟರಪ್ಟ್ ಎನ್ನುವರು. ಅದು ಕೇಳಿದೊಡನೆ ಸಂಸ್ಕಾರಕವು ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ ಅದರ ಕಡೆಗೆ ತಿರುಗುತ್ತದೆ.

ಚಾಲಕನ ಸಂಗ್ರಹದಲ್ಲಿ 7 ಅಕ್ಷರಗಳಿವೆ ಎಂದು ಭಾವಿಸೋಣ. ಕಾರ್ಯಕ್ರಮವು ಒಂದನ್ನು ತೆಗೆದುಕೊಂಡಿತು. ಚಾಲಕನು ಲೆಕ್ಕದಲ್ಲಿರುವ 7ನ್ನು ಓದಿ, ಒಂದನ್ನು ಕಳೆದು, 6 ಎಂದು ಬರೆಯಲು ಕೈಯೆತ್ತಿದ್ದಾನೆ, ಇನ್ನೂ ಬರೆದಿಲ್ಲ. ಅಷ್ಟರಲ್ಲಿ ಸಾಧನದ ಕೂಗು. ಅದನ್ನು ನಿರ್ವಹಿಸುವ ಭಾಗವು ಹೊಸ ಅಕ್ಷರವನ್ನಿರಿಸಿ, ಲೆಕ್ಕದಲ್ಲಿ ಇನ್ನೂ 7 ಇರುವುದನ್ನು ಕಂಡು, 8 ಎಂದು ಬರೆದು ಮರಳಿತು. ಚಾಲಕನು ತಾನು ಬಿಟ್ಟಲ್ಲಿಂದ ಮುಂದುವರಿದು 6 ಎಂದು ಬರೆದನು. ಇರುವುದು 7, ಲೆಕ್ಕ 6. ಒಂದು ಅಕ್ಷರ ಕಾಣೆಯಾಯಿತು. ಎರಡು ಭಾಗಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದರೆ ಎರಡೂ ನಿರ್ದುಷ್ಟ. ದೋಷವಿರುವುದು ಓದಿದ್ದಕ್ಕೂ ಬರೆದದ್ದಕ್ಕೂ ನಡುವಿನ ತೆರಪಿನಲ್ಲಿ.

ವ್ಯಾಕರಣ ಬಲ್ಲವರಿಗೆ ಈ ಸಂಕಟ ಹೊಸದಲ್ಲ. ಸಮಾನ ಬಲದ ಎರಡು ವಿಧಿಗಳು ಒಂದೇ ಸ್ಥಾನದಲ್ಲಿ ಪ್ರಾಪ್ತವಾದರೆ ಮುಂದಣ ವಿಧಿಯೇ ಪ್ರವರ್ತಿಸಬೇಕೆಂದು ಪಾಣಿನಿ ನಿಯಮಿಸಿದನು. ಆದುದರಿಂದ ಯಾರು ಸಾಧಿಸಿದರೂ ರೂಪವೊಂದೇ ಬರುತ್ತದೆ. ಗಣಕಕ್ಕೆ ಅಂತಹ ಪರಿಭಾಷೆ ಹುಟ್ಟಿನಿಂದ ಬಂದಿಲ್ಲ. ಚಾಲಕವನ್ನು ಬರೆಯುವವನೇ ಅದನ್ನು ವಿಧಿಸಬೇಕು.

ವಿಧಿಸದಿದ್ದರೆ ಏನಾದೀತು? ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಹುಟ್ಟಿ ನೆರೆಹೊರೆಯಲ್ಲಿ ಬೆಳೆದವು. ಆ ಎರಡು ವಿದ್ಯೆಗಳು ಕೂಡುವ ಎಡೆಯಲ್ಲಿಯೇ, ದೂರದ ಅಮೆರಿಕದಲ್ಲಿ, ಈ ದೋಷವು ಪ್ರಾಣ ತೆಗೆಯಿತು. ಥೆರಾಕ್-25 ಎಂಬುದು ಅರ್ಬುದ ರೋಗಕ್ಕೆ ವಿಕಿರಣ ಕೊಡುವ ಯಂತ್ರ. 1986ರಲ್ಲಿ ಟೆಕ್ಸಾಸ್ ಪ್ರಾಂತದ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ, ಯಂತ್ರವನ್ನು ನಡೆಯಿಸುವಾಕೆ ಎಲೆಕ್ಟ್ರಾನ್ ಎಂದು ಸೂಚಿಸುವ ಬದಲು ಎಕ್ಸ್‌ರೇ ಅಕ್ಷರವನ್ನು ಒತ್ತಿ, ಕೂಡಲೇ ಮೇಲಕ್ಕೆ ಹೋಗಿ ತಿದ್ದಿದಳು. ಯಂತ್ರದ ಅಯಸ್ಕಾಂತಗಳು ಸಿದ್ಧವಾಗಲು ಸುಮಾರು 8 ಸೆಕೆಂಡು ಬೇಕು. ಆ ಅವಧಿಯೊಳಗೆ ಮಾಡಿದ ತಿದ್ದುಪಡಿಯನ್ನು ಸಿದ್ಧಪಡಿಸುವ ಭಾಗವು ಗಮನಿಸಲೇ ಇಲ್ಲ. ಪರದೆಯ ಮೇಲೆ ಒಂದು, ಯಂತ್ರದೊಳಗೆ ಇನ್ನೊಂದು. ಅಲ್ಲಿ ಮಾರ್ಚಿಯಲ್ಲಿ ಒಬ್ಬರಿಗೂ ಏಪ್ರಿಲಿನಲ್ಲಿ ಮತ್ತೊಬ್ಬರಿಗೂ ವಿಪರೀತ ವಿಕಿರಣ ತಗುಲಿ ಇಬ್ಬರೂ ಮಡಿದರು.

ಆಕೆಯ ಕೈ ನುರಿತಿದ್ದುದರಿಂದಲೇ ದೋಷವು ಹೊರಬಿದ್ದುದು. ತಡವರಿಸುವ ಕೈಗೆ ಅದು ಎಂದೂ ಸಿಕ್ಕುತ್ತಿರಲಿಲ್ಲ. ಆ ಆಸ್ಪತ್ರೆಯ ಭೌತವಿಜ್ಞಾನಿಯು ಆಕೆಯೊಡನೆ ಕುಳಿತು, ಅದೇ ವೇಗದಲ್ಲಿ ಮತ್ತೆಮತ್ತೆ ತಿದ್ದಿ ತಿದ್ದಿ, ಕೊನೆಗೆ ದೋಷವನ್ನು ಬೇಕೆಂದಾಗ ಬರಿಸುವುದನ್ನು ಕಲಿತನು. ಚಿಕಿತ್ಸೆಗಿಂತ ಮೊದಲು ನಿದಾನ! ತಯಾರಕರು ಮೊದಲು ಸೂಚಿಸಿದ ಪರಿಹಾರವಾದರೋ, ಮೇಲಕ್ಕೆ ಹೋಗುವ ಕೀಲಿಯನ್ನೇ ಕಿತ್ತುಬಿಡಿ ಎಂಬುದು. ಹಿಂದಿನ ಮಾದರಿಯಾದ ಥೆರಾಕ್-20ರಲ್ಲಿಯೂ ಇದೇ ದೋಷವಿದ್ದುದು ಅನಂತರ ತಿಳಿಯಿತು. ಅದರಲ್ಲಿ ಯಂತ್ರಾಂಗದ ತಡೆಗಳು ಬೇರೆಯಾಗಿದ್ದುದರಿಂದ ಜನ ಬದುಕಿದರು.

ಕೀಲಿ ಕೀಳುವ ಬುದ್ಧಿ ಇಂದಿಗೂ ಹೋಗಿಲ್ಲ. ಚಾಲಕನು ಎಡವುತ್ತಿದ್ದರೆ ನಡುವೆ ಒಂದು ಕ್ಷಣ ತಡೆ ಎಂಬ ಆಜ್ಞೆಯನ್ನು ಸೇರಿಸಿ, ಸರಿಹೋಯಿತೆಂದು ಕೈತೊಳೆಯುವವರಿದ್ದಾರೆ. ತೆರಪು ಅಲ್ಲಿಯೇ ಇರುತ್ತದೆ, ಹೊತ್ತು ಮಾತ್ರ ಬದಲಾಗಿರುತ್ತದೆ. ದೋಷವನ್ನು ಹುಡುಕಲೆಂದು ನಡುನಡುವೆ ಸಂದೇಶಗಳನ್ನು ಮುದ್ರಿಸುವಂತೆ ಮಾಡಿದರೂ ಇದೇ ಕಾರಣಕ್ಕೆ ದೋಷವು ಅಡಗಿಕೊಳ್ಳುವುದುಂಟು.

ನಿಜವಾದ ಪರಿಹಾರದ ರೂಪವನ್ನು ಉಡುಪಿಯಲ್ಲಿ ಕಾಣಬಹುದು. ಶ್ರೀಕೃಷ್ಣನ ಪೂಜೆಗೆ ಅಧಿಕಾರವುಳ್ಳ ಮಠಗಳು ಎಂಟು. ಸರದಿಯು ಹಿಂದೆ ಎರಡು ತಿಂಗಳದಾಗಿತ್ತು. ವಾದಿರಾಜರು ಅದನ್ನು ಎರಡು ವರ್ಷಕ್ಕೆ ವಿಸ್ತರಿಸಿದರು. ಪರ್ಯಾಯದ ದಿನ ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಕೀಲಿಕೈಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುತ್ತವೆ. ಕೀಲಿಕೈ ಒಂದೇ ಕಡೆ ಇರುವುದರಿಂದ ಹೊಣೆ ಯಾರದೆಂಬ ಸಂಶಯಕ್ಕೆ ಎಡೆಯಿಲ್ಲ. ಗಣಕದಲ್ಲಿಯೂ ಹೀಗೆಯೇ: ಹಂಚಿಕೊಂಡ ಲೆಕ್ಕಕ್ಕೆ ಒಂದು ಬೀಗವಿರಬೇಕು, ಅದನ್ನು ಹಿಡಿದವನು ಓದಿ, ಕಳೆದು, ಬರೆದು, ಅನಂತರವೇ ಬಿಡಬೇಕು. ಮೂರು ಹೆಜ್ಜೆ ಒಂದೇ ಹೆಜ್ಜೆಯಾಗಬೇಕು. ಹಾಲೆಂಡಿನ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಇಂತಹ ಸಾಧನವೊಂದನ್ನು ರೂಪಿಸಿ ಸೆಮಾಫೋರ್ ಎಂದು ರೈಲ್ವೆಯ ಕೈಕಂಬದ ಹೆಸರನ್ನೇ ಇಟ್ಟನು.

ಆದರೆ ಚಾಲಕನ ಬೀಗಕ್ಕೆ ವಿಶೇಷ ಧರ್ಮಗಳಿವೆ. ಚಾಲಕನು ಬೀಗ ಹಿಡಿದಿರುವಾಗ ಅದೇ ಸಂಸ್ಕಾರಕದಲ್ಲಿ ಸಾಧನದ ಕೂಗೆದ್ದು, ಅದನ್ನು ನಿರ್ವಹಿಸುವ ಭಾಗವೂ ಆ ಬೀಗಕ್ಕಾಗಿ ಕಾದರೆ, ಅದು ಮುಗಿಯದೆ ಚಾಲಕನು ಮುಂದುವರಿಯಲಾರ, ಚಾಲಕನು ಬಿಡದೆ ಅದು ಮುಗಿಯದು; ಗಣಕವು ಕಲ್ಲಾಗಿ ನಿಲ್ಲುತ್ತದೆ. ಆದುದರಿಂದ ಇಂತಹ ಬೀಗವನ್ನು ಹಿಡಿಯುವಾಗ ಆ ಸಂಸ್ಕಾರಕದ ಇಂಟರಪ್ಟನ್ನೂ ತಡೆದಿಡಬೇಕು, ತಡೆದ ಅವಧಿ ಅತ್ಯಲ್ಪವಾಗಿರಬೇಕು. ಇಂಟರಪ್ಟನ್ನು ನಿರ್ವಹಿಸುತ್ತಿರುವ ಭಾಗವು ನಿದ್ರಿಸಬಾರದು. ಕಾಯುವವನನ್ನು ಮಲಗಿಸುವ ಮ್ಯೂಟೆಕ್ಸ್ ಎಂಬ ಬೀಗ ಅಲ್ಲಿ ನಿಷಿದ್ಧ. ಬೀಗಗಳು ಎರಡಿದ್ದರೆ ಎಲ್ಲರೂ ಅವನ್ನು ಒಂದೇ ಕ್ರಮದಲ್ಲಿ ಹಿಡಿಯಬೇಕು. ಲಿನಕ್ಸಿನಲ್ಲಿ ಈ ಕ್ರಮಭಂಗವನ್ನು ಕಂಡುಹಿಡಿಯುವ ಲಾಕ್‌ಡೆಪ್ ಎಂಬ ಕಾವಲುಗಾರ 2006ರಲ್ಲಿ ಬಂದಿತು. ಎಲ್ಲಕ್ಕೂ ಒಂದೇ ದೊಡ್ಡ ಬೀಗವೆಂಬ ಸುಲಭೋಪಾಯವನ್ನೂ ಅಲ್ಲಿ 1996ರಲ್ಲಿ ಹೂಡಿದ್ದರು. ಅನೇಕ ಸಂಸ್ಕಾರಕಗಳು ಒಂದೇ ಬಾಗಿಲಲ್ಲಿ ಸಾಲುಗಟ್ಟುವಂತಾದುದರಿಂದ ಅದನ್ನು ಚೂರುಚೂರಾಗಿ ಬಿಡಿಸಬೇಕಾಯಿತು, ಅದು ಪೂರ್ತಿ ಹೋದುದು 2011ರಲ್ಲಿ.

ಬೀಗದಿಂದ ಮಾತ್ರ ತೀರದ ಪ್ರಸಂಗವೊಂದಿದೆ. ಕೆಲಸ ನಡೆಯುತ್ತಿರುವಾಗಲೇ ಯಾರೋ ಸಾಧನವನ್ನು ಕಿತ್ತರು. ಚಾಲಕನು ತನ್ನ ಸಾಮಗ್ರಿಯ ಜಾಗವನ್ನು ಬಿಟ್ಟುಕೊಟ್ಟನು. ಮುಂದಕ್ಕೆಂದು ಇಟ್ಟಿದ್ದ ಗಡಿಯಾರದ ಕರೆಯೊಂದು ಆಮೇಲೆ ಎಚ್ಚತ್ತು ಆ ಜಾಗವನ್ನೇ ತುಳಿಯಿತು. ಇಲ್ಲಿ ತೆರವಿನ ಕ್ರಮವೇ ಮದ್ದು. ಮೊದಲು ಹೊಸಬರು ಒಳಬರದಂತೆ ಬಾಗಿಲಿಕ್ಕಬೇಕು. ಅನಂತರ ಸಾಧನದ ಕೂಗನ್ನು ನಿಲ್ಲಿಸಿ, ನಡೆಯುತ್ತಿರುವ ನಿರ್ವಹಣೆ ಮುಗಿಯುವವರೆಗೆ ಕಾಯಬೇಕು. ಗಡಿಯಾರದ ಕರೆಗಳನ್ನೂ ಬಾಕಿ ಕೆಲಸಗಳನ್ನೂ ಮತ್ತೆ ತಲೆಯೆತ್ತದಂತೆ ರದ್ದುಪಡಿಸಬೇಕು. ಜಾಗವನ್ನು ಬಿಟ್ಟುಕೊಡುವುದು ಎಲ್ಲಕ್ಕೂ ಕಡೆಗೆ.