ನಡುವೆ ಬಂದು ಸೇರುವ ವಿದ್ಯಾರ್ಥಿಯ ವಸತಿ

ವ್ಯಾಸಂಗವನ್ನು ಒಂದು ಸಂಸ್ಥೆಯಲ್ಲಿ ಆರಂಭಿಸಿ ಮತ್ತೊಂದರಲ್ಲಿ ಪೂರೈಸುವ ಪದ್ಧತಿಯು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಬಹುಕಾಲದಿಂದ ರೂಢವಾಗಿದೆ. 1960ರಲ್ಲಿ ಅಲ್ಲಿ ರಚಿತವಾದ ಉನ್ನತ ಶಿಕ್ಷಣ ಯೋಜನೆಯು ಅದಕ್ಕೆ ಭದ್ರವಾದ ತಳಹದಿಯನ್ನು ಹಾಕಿತು. ತನ್ನೂರಿನ ಅಲ್ಪವೆಚ್ಚದ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿದವನು ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯವನ್ನು ಸೇರಬಹುದು. ಹೀಗೆ ಬರುವವರಲ್ಲಿ ಬಡವರೂ ಉದ್ಯೋಗಸ್ಥರೂ ತಮ್ಮ ಮನೆತನದಲ್ಲಿ ಕಾಲೇಜಿನ ಮುಖ ಕಂಡ ಮೊದಲಿಗರೂ ಬಹಳ.

ಆದರೆ ಪ್ರವೇಶ ದೊರೆತ ಮಾತ್ರಕ್ಕೆ ನೆಲೆ ದೊರೆಯಿತೆನ್ನಲಾಗದು. ಅವನು ಬರುವ ವೇಳೆಗೆ ಸಹಪಾಠಿಗಳ ಸ್ನೇಹವು ಎರಡು ವರ್ಷ ಹಳೆಯದಾಗಿರುತ್ತದೆ. ಅವನಿಗುಳಿದಿರುವುದೂ ಎರಡೇ ವರ್ಷ. ಕೊಠಡಿ ದೂರದಲ್ಲಿ ಸಿಕ್ಕಿದರೆ ಹೋಗಿಬರುವುದರಲ್ಲಿಯೇ ಆ ಕಾಲವು ಸವೆಯುತ್ತದೆ. ಗ್ರಂಥಾಲಯದ ಸಂಜೆ, ಊಟದ ವೇಳೆಯ ಚರ್ಚೆ ಅವನ ಪಾಲಿಗಿಲ್ಲ. (ಪಾಠಕ್ಕಿಂತ ಪಂಕ್ತಿಯಲ್ಲಿ ಕಲಿತದ್ದೇ ಹೆಚ್ಚೆನ್ನುವವರು ನಮ್ಮಲ್ಲಿಯೂ ಉಂಟಷ್ಟೆ.)

ಲಾಸ್ ಏಂಜಲೀಸಿನಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು 2022ರಲ್ಲಿ, ಮೊದಲ ವರ್ಷಕ್ಕೆ ಸೇರುವವರಿಗೆ ನಾಲ್ಕು ವರ್ಷ, ನಡುವೆ ಬರುವವರಿಗೆ ಎರಡು ವರ್ಷ ವಸತಿಯ ಭರವಸೆಯನ್ನಿತ್ತಿತು. ಗಡುವಿನೊಳಗೆ ಅರ್ಜಿ ಸಲ್ಲಿಸುವುದು ಮಾತ್ರ ಅವಶ್ಯ. ಆವರಣದ ನಿಲಯಗಳಲ್ಲಿ ಭೋಜನದ ಏರ್ಪಾಡಿದೆ. ಹೊರಗಿರುವ ವಿಶ್ವವಿದ್ಯಾಲಯದ ಮನೆಗಳಲ್ಲಿ ಅಡುಗೆ ತಮ್ಮದೇ. ಸಮೀಪದಲ್ಲಿಯೇ, 1930ರ ದಶಕದಲ್ಲಿ ವಿದ್ಯಾರ್ಥಿಗಳೇ ಕೂಡಿ ಸ್ಥಾಪಿಸಿದ ಸಹಕಾರಿ ವಸತಿ ಸಂಘವೊಂದಿದೆ. ಅಲ್ಲಿರುವವರು ವಾರಕ್ಕೆ ಕೆಲವು ಗಂಟೆ ಅಡುಗೆ, ಶುಚಿಕಾರ್ಯಗಳಲ್ಲಿ ದುಡಿಯುವುದರಿಂದ ಖರ್ಚು ಕಡಿಮೆ, ಪರಿಚಯವೂ ಬೇಗ. ಬಡ ವಿದ್ಯಾರ್ಥಿಗೆ ನನ್ನ ಮತದಲ್ಲಿ ಇದೇ ಲೇಸು. ಮಡದಿಮಕ್ಕಳೊಡನೆ ಬರುವವರಿಗೆ ಕುಟುಂಬವಸತಿಗಳುಂಟು. ಅವು ಆವರಣದಿಂದ ಕೆಲವು ಮೈಲಿ ದೂರ.