ಜಮಾದಾರ್ ಅಬ್ದುಲ್ ಹಫೀಜ್ ಮತ್ತು ಒಂದು ಕಂಚಿನ ಪದಕ



ಲೆಕ್ಕಶಾಸ್ತ್ರದಲ್ಲಿ ನಾವು ಪ್ರತಿ ಆಸ್ತಿಗೂ ಒಂದು ಬೆಲೆ ಬರೆಯುತ್ತೇವೆ. ವಿಕ್ಟೋರಿಯಾ ಕ್ರಾಸ್‌ಗೆ ಎಷ್ಟು ಬರೆಯಬೇಕು? ಅದು ಚಿನ್ನವೂ ಅಲ್ಲ, ಬೆಳ್ಳಿಯೂ ಅಲ್ಲ. ಕೆಂಪು ಪಟ್ಟಿಗೆ ಕಟ್ಟಿದ ಸಣ್ಣ ಕಂಚಿನ ಪದಕ. ಬ್ರಿಟನ್ನಿನ ರಾಣಿ ವಿಕ್ಟೋರಿಯಾ 1856ರಲ್ಲಿ ಇದನ್ನು ಸ್ಥಾಪಿಸಿದರು. ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಅವರ ಸೈನ್ಯದಲ್ಲಿ ಇದಕ್ಕಿಂತ ದೊಡ್ಡ ಗೌರವವಿಲ್ಲ. ಭಾರತೀಯ ಸೈನಿಕರು ಇದಕ್ಕೆ ಅರ್ಹರಾದದ್ದು 1911ರಲ್ಲಿ.

ಇದನ್ನು ಪಡೆದವರಲ್ಲಿ ಒಬ್ಬರು ಜಮಾದಾರ್ ಅಬ್ದುಲ್ ಹಫೀಜ್. ಊರು ಈಗಿನ ಹರಿಯಾಣದ ರೋಹ್ತಕ್ ಬಳಿಯ ಕಲಾನೌರ್. ಜಾಟ್ ರೆಜಿಮೆಂಟಿನ ಒಂದು ತುಕಡಿಗೆ ನಾಯಕ.

1944ರ ಮಾರ್ಚ್‌ನಲ್ಲಿ ಜಪಾನಿ ಸೈನ್ಯ ಬರ್ಮಾದ ಕಾಡುಗಳನ್ನು ದಾಟಿ ಮಣಿಪುರಕ್ಕೆ ನುಗ್ಗಿತು. ಅದರ ಗುರಿ ಇಂಫಾಲ. ಏಪ್ರಿಲ್ 6ರಂದು ಇಂಫಾಲದ ಉತ್ತರಕ್ಕೆ, ಸುಮಾರು 10 ಮೈಲಿ ದೂರದ ಒಂದು ಗುಡ್ಡ ಶತ್ರುವಿನ ಕೈಯಲ್ಲಿತ್ತು. ಅದನ್ನು ಮರಳಿ ಪಡೆಯುವ ಆಜ್ಞೆ ಹಫೀಜ್ ಅವರಿಗೆ ಬಂತು. ಏರಬೇಕಾದ ಇಳಿಜಾರು ಬೋಳು, ಮರೆಗೆ ಏನೂ ಇಲ್ಲ. ಅದರ ಮೇಲೆ ಕಡಿದಾದ ಬಂಡೆ.

ತುದಿ ಹತ್ತಿರ ಬಂದಾಗ ಮೆಷಿನ್ ಗನ್ ಗುಂಡುಗಳೂ ಗ್ರೆನೇಡ್‌ಗಳೂ ಸುರಿದವು. ಅವರೇ ಮುಂದೆ ನಿಂತು ದಾಳಿ ನಡೆಸಿದರು. ಕಾಲಿಗೆ ಗಾಯವಾಯಿತು. ಆದರೂ ಗುಂಡು ಹಾರಿಸುತ್ತಿದ್ದ ಮೆಷಿನ್ ಗನ್ನಿನ ನಳಿಕೆಯನ್ನು ಕೈಯಿಂದ ಹಿಡಿದರು. ಇನ್ನೊಬ್ಬ ಸಿಪಾಯಿ ಅದನ್ನು ನಡೆಸುವವನನ್ನು ಕೊಂದ. ಗಾಯಗೊಂಡ ಜೊತೆಗಾರನ ಬ್ರೆನ್ ಗನ್ ಎತ್ತಿಕೊಂಡು ಮುಂದೆ ನಡೆದರು. ಎದೆಗೆ ಗುಂಡು ತಗುಲಿ ಬಿದ್ದ ಮೇಲೂ, ನೀವು ಸರಿಯಾಗಿ ನೆಲೆ ನಿಲ್ಲಿ, ನಾನು ಗುಂಡಿನ ಆಸರೆ ಕೊಡುತ್ತೇನೆ ಎಂದು ಜೊತೆಗಾರರಿಗೆ ಹೇಳಿ ಪ್ರಾಣ ಬಿಟ್ಟರು. ಗುಡ್ಡ ಕೈವಶವಾಯಿತು. ಆಗ ಅವರಿಗೆ ಹದಿನೆಂಟು ವರ್ಷ. ನಮಗಿಂತ ಒಂದು ವರ್ಷ ದೊಡ್ಡವರು, ಅಷ್ಟೇ. ಅವರ ಸಮಾಧಿ ಇಂದಿಗೂ ಇಂಫಾಲದಲ್ಲಿದೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಆಗ ದೇಶ ಪರರ ಆಳ್ವಿಕೆಯಲ್ಲಿತ್ತು. ಅದೇ ರಣರಂಗದಲ್ಲಿ, ಎದುರು ಪಕ್ಷದಲ್ಲಿ, ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿತ್ತು. ಅವರೂ ನಮ್ಮವರೇ. ಹಾಗಾದರೆ ರಾಣಿಯ ಹೆಸರಿನ ಪದಕಕ್ಕೆ ನಾವು ಹೆಮ್ಮೆಪಡಬಹುದೇ?

ನನ್ನ ಉತ್ತರ ಇದು: ಯುದ್ಧ ಯಾರದು ಎಂಬುದು ಒಂದು ಖಾತೆ, ಮನುಷ್ಯ ಮಾಡಿದ್ದೇನು ಎಂಬುದು ಇನ್ನೊಂದು. ಎರಡನ್ನೂ ಬೆರೆಸಬಾರದು, ಒಂದನ್ನೂ ಮುಚ್ಚಿಡಬಾರದು. ಸಾಮ್ರಾಜ್ಯದ ಲೆಕ್ಕವನ್ನು ಇತಿಹಾಸ ಕೇಳಲಿ. ಹಫೀಜ್ ಅವರ ಕೊನೆಯ ಮಾತು ಸಾಮ್ರಾಜ್ಯದ ಬಗ್ಗೆ ಇರಲಿಲ್ಲ, ಪಕ್ಕದಲ್ಲಿದ್ದವರ ಜೀವದ ಬಗ್ಗೆ ಇತ್ತು.

ನಮ್ಮ ಮನೆಯಲ್ಲಿ ಹೊರಡುವಾಗ 'ಖುದಾ ಹಾಫಿಜ್' ಎನ್ನುತ್ತೇವೆ, ದೇವರು ಕಾಪಾಡಲಿ ಎಂದು. ಅಬ್ದುಲ್ ಹಫೀಜ್ ಎಂದರೆ ಕಾಪಾಡುವವನ ದಾಸ. ಆ ಗುಡ್ಡದ ಮೇಲೆ ಅವರು ತಮ್ಮ ಹೆಸರಿನಂತೆಯೇ ನಡೆದುಕೊಂಡರು.