ಔಷಧ ಸುರಕ್ಷತೆಯಲ್ಲಿ ತಂತ್ರಜ್ಞಾನ: ದಾಸ್ತಾನು ಕೊಠಡಿಯಿಂದ ಮನೆಯ ಔಷಧ ಡಬ್ಬಿಯವರೆಗೆ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಬಹಳಷ್ಟು ಮನೆಗಳಲ್ಲಿ ದುಡಿಯುವ ಮಕ್ಕಳು ಮುಂಬೈ, ಬೆಂಗಳೂರು ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ್ದು, ಊರಿನಲ್ಲಿ ಹಿರಿಯರು ಮಾತ್ರ ಉಳಿದಿರುತ್ತಾರೆ. ಅಂಥ ಮನೆಯ ಔಷಧದ ಡಬ್ಬಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರು ಕೊಟ್ಟ ಗುಳಿಗೆ, ಮಣಿಪಾಲದಲ್ಲೋ ಉಡುಪಿಯಲ್ಲೋ ತಜ್ಞ ವೈದ್ಯರು ಬರೆದುಕೊಟ್ಟದ್ದು, ಮಗ ರಜೆಯಲ್ಲಿ ಬಂದಾಗ ತಂದಿಟ್ಟದ್ದು ಎಲ್ಲವೂ ಒಟ್ಟಿಗೆ ಇರುವುದುಂಟು. ಸರಕಾರಿ ಕೇಂದ್ರದಲ್ಲಿ ಸಕ್ಕರೆ ಕಾಯಿಲೆಗೆ ಕೊಡುವ ಗುಳಿಗೆಯ ಮೇಲೆ ಗ್ಲಿಮೆಪಿರೈಡ್ ಎಂಬ ಮೂಲ ಹೆಸರಿರುತ್ತದೆ. ಅಂಗಡಿಯಿಂದ ತಂದ ಪಟ್ಟಿಯ ಮೇಲೆ ಕಂಪನಿಯ ಹೆಸರು ದಪ್ಪಕ್ಷರದಲ್ಲಿದ್ದು, ಒಳಗಿರುವ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್‌ಗಳ ಹೆಸರು ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣದಾಗಿರುತ್ತದೆ. ಬಣ್ಣ ಬೇರೆ, ಹೆಸರು ಬೇರೆ, ಔಷಧ ಒಂದೇ. ಎರಡನ್ನೂ ನುಂಗಿದ ಹಿರಿಯರಲ್ಲಿ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದು, ಬೆವರು, ನಡುಕ, ಗೊಂದಲ ಉಂಟಾಗಿ ಪ್ರಜ್ಞೆ ತಪ್ಪಬಹುದು. ಒಬ್ಬರೇ ಮಲಗುವ ಮನೆಯಲ್ಲಿ ಇದು ಪ್ರಾಣಕ್ಕೆ ಸಂಚಕಾರ ತರುವಂಥದ್ದು. ಇಲ್ಲಿ ಯಾವ ವೈದ್ಯರೂ ತಪ್ಪು ಔಷಧ ಬರೆದಿಲ್ಲ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿದಿರಲಿಲ್ಲ ಅಷ್ಟೆ.

ಇದು ಕರಾವಳಿಗೆ ಸೀಮಿತವಾದ ಸಮಸ್ಯೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ‘ಹಾನಿಯಿಲ್ಲದ ಔಷಧೋಪಚಾರ’ ಎಂಬ ಜಾಗತಿಕ ಅಭಿಯಾನವನ್ನು ಆರಂಭಿಸಿದಾಗ, ಔಷಧ ಸಂಬಂಧಿ ತಪ್ಪುಗಳಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 4,200 ಕೋಟಿ ಡಾಲರ್ ಹೊರೆ ಬೀಳುತ್ತಿದೆಯೆಂದು ಅಂದಾಜಿಸಿತ್ತು. ಇದನ್ನು ತಗ್ಗಿಸಲು ತಂತ್ರಜ್ಞಾನದ ಹಲವು ಸಾಧನಗಳು ಈಗ ಗ್ರಾಮ ಮಟ್ಟಕ್ಕೂ ಬಂದಿವೆ. ಅವುಗಳಲ್ಲಿ ಯಾವುದು ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪಂಚಾಯತ್ ಸದಸ್ಯರು ತಿಳಿದಿರುವುದು ಅವಶ್ಯ.

ಮೊದಲನೆಯದು ದಾಸ್ತಾನು ನಿರ್ವಹಣೆ. ಸಿ-ಡ್ಯಾಕ್ ಸಂಸ್ಥೆ ಅಭಿವೃದ್ಧಿಪಡಿಸಿದ ಔಷಧ ವಿತರಣಾ ತಂತ್ರಾಂಶದಂಥ ವ್ಯವಸ್ಥೆಗಳಲ್ಲಿ ಪ್ರತಿ ಔಷಧದ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಮತ್ತು ಉಳಿದಿರುವ ಪ್ರಮಾಣ ದಾಖಲಾಗುತ್ತವೆ. ಯಾವುದರ ಅವಧಿ ಮೊದಲು ಮುಗಿಯುವುದೋ ಅದನ್ನು ಮೊದಲು ವಿತರಿಸುವುದಕ್ಕೂ, ದೋಷಪೂರಿತವೆಂದು ಘೋಷಿತವಾದ ಬ್ಯಾಚ್ ಯಾವ ಕೇಂದ್ರದಲ್ಲಿದೆಯೆಂದು ಪತ್ತೆಹಚ್ಚಿ ಹಿಂಪಡೆಯುವುದಕ್ಕೂ ಇದು ಬಹು ಉಪಯುಕ್ತ. ಆದರೆ ತಂತ್ರಾಂಶಕ್ಕೆ ತಿಳಿದಿರುವುದು ನಮೂದಿಸಿದ್ದು ಮಾತ್ರ. ಆಷಾಢದ ಮಳೆಯಲ್ಲಿ ಘಟ್ಟದ ತಪ್ಪಲಿನ ಊರುಗಳಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಕೈಕೊಟ್ಟರೆ ನಮೂದು ತಡವಾಗುತ್ತದೆ. ಪರದೆಯ ಮೇಲಿನ ಲೆಕ್ಕಕ್ಕೂ ಕಪಾಟಿನಲ್ಲಿರುವ ದಾಸ್ತಾನಿಗೂ ಅಂತರ ಬೀಳುತ್ತದೆ.

ಲಸಿಕೆಗಳ ವಿಷಯದಲ್ಲಿ ‘ಇ-ವಿನ್’ ಜಾಲವು ಶೀತಲ ಪೆಟ್ಟಿಗೆಯ ಉಷ್ಣಾಂಶವನ್ನು ನಿರಂತರವಾಗಿ ದಾಖಲಿಸಿ, 2ರಿಂದ 8 ಡಿಗ್ರಿ ಸೆಲ್ಸಿಯಸ್ ಮಿತಿ ಮೀರಿದಾಗ ಸಂಬಂಧಪಟ್ಟವರ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಕಳುಹಿಸುತ್ತದೆ. ಹೆಪಟೈಟಿಸ್-ಬಿಯಂಥ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆಯಾದ್ದರಿಂದ ಅತಿ ತಂಪೂ ಸಲ್ಲದು. ಸಂದೇಶವೇನೋ ಬರುತ್ತದೆ. ನಡುರಾತ್ರಿ ಅದನ್ನು ನೋಡಿ ಕೇಂದ್ರಕ್ಕೆ ಹೋಗುವವರು ಯಾರು, ಜನರೇಟರಿಗೆ ಡೀಸೆಲ್ ಇದೆಯೇ ಎಂಬುದು ಯಂತ್ರದ ಕೆಲಸವಲ್ಲ.

ಎರಡನೆಯದು ಕ್ಯೂಆರ್ ಸಂಕೇತ. ಔಷಧ ನಿಯಮಗಳ ತಿದ್ದುಪಡಿಯಂತೆ 2023ರ ಆಗಸ್ಟ್ 1ರಿಂದ ಹೆಚ್ಚು ಬಳಕೆಯಲ್ಲಿರುವ 300 ಬ್ರ್ಯಾಂಡ್‌ಗಳ ಔಷಧಗಳ ಮೇಲೆ ಇದು ಕಡ್ಡಾಯ. ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ ಔಷಧದ ಮೂಲ ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕಗಳು ತಿಳಿಯುತ್ತವೆ. ಮೇಲೆ ಹೇಳಿದ ಮನೆಗೆ ಇದರಲ್ಲಿ ಅತ್ಯಂತ ಪ್ರಯೋಜನಕರವಾದದ್ದು ಮೂಲ ಹೆಸರು. ಎರಡು ಪಟ್ಟಿಗಳಲ್ಲಿ ಒಂದೇ ಮೂಲ ಹೆಸರು ಕಂಡುಬಂದರೆ ಮುಂದಿನ ಗುಳಿಗೆಗೆ ಮೊದಲೇ ಆರೋಗ್ಯ ಸಿಬ್ಬಂದಿಯನ್ನು ವಿಚಾರಿಸತಕ್ಕದ್ದು. ಪಟ್ಟಿಯಲ್ಲಿಲ್ಲದ ಬ್ರ್ಯಾಂಡ್‌ಗಳ ಮೇಲೆ ಈ ಸಂಕೇತ ಇರಲೇಬೇಕೆಂದಿಲ್ಲ. ಅದಿಲ್ಲವೆಂದ ಮಾತ್ರಕ್ಕೆ ಔಷಧ ನಕಲಿಯೆಂದು ಗುಲ್ಲೆಬ್ಬಿಸುವುದೂ ಸರಿಯಲ್ಲ.

ಮೂರನೆಯದು ರೋಗಿಯ ದಾಖಲೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ನೀಡಲಾಗುವ 14 ಅಂಕಿಗಳ ‘ಆಭಾ’ ಸಂಖ್ಯೆಗೆ, ರೋಗಿಯ ಒಪ್ಪಿಗೆಯೊಂದಿಗೆ ಬೇರೆಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಜೋಡಿಸಬಹುದು. ‘ಇ-ಸಂಜೀವಿನಿ’ಯ ಮೂಲಕ ಉಪಕೇಂದ್ರದಿಂದಲೇ ದೂರದ ವೈದ್ಯರ ಸಲಹೆ ಪಡೆದರೆ ಔಷಧ ಚೀಟಿಯೂ ಗಣಕೀಕೃತವಾಗಿ ದೊರೆಯುತ್ತದೆ, ಕೈಬರಹ ಓದಲಾಗದೆ ಆಗುವ ತಪ್ಪುಗಳು ಇದರಿಂದ ತಪ್ಪುತ್ತವೆ. ಆದರೂ ಬಹಳ ಮಂದಿಯ ಬಳಿ ಸಂಖ್ಯೆ ಇದ್ದರೂ ದಾಖಲೆ ಜೋಡಣೆಯಾಗಿರುವುದಿಲ್ಲ. ಕಾರ್ಡ್ ಮಾಡಿಸಿದವರ ಎಣಿಕೆಯನ್ನೇ ಪ್ರಗತಿಯೆಂದು ವರದಿ ಮಾಡುವಾಗ ಈ ಅಂಶ ಮರೆಯಾಗಬಾರದು.

ಯಂತ್ರದ ಮಿತಿಯನ್ನು ತಿಳಿಯಲು ಬೆಂಗಳೂರಿನಲ್ಲಿ ರೂಪುಗೊಂಡ ‘99 ಡಾಟ್ಸ್’ ಒಳ್ಳೆಯ ಪಾಠ. ಕ್ಷಯರೋಗದ ಗುಳಿಗೆಯನ್ನು ಹೊರತೆಗೆದಾಗ ಮಾತ್ರ ಕಾಣುವ ದೂರವಾಣಿ ಸಂಖ್ಯೆಗೆ ರೋಗಿಯು ಉಚಿತ ಕರೆ ಮಾಡಿದರೆ ಅಂದಿನ ಔಷಧ ಸೇವನೆ ದಾಖಲಾಗುತ್ತಿತ್ತು. ಸಾಧಾರಣ ಮೊಬೈಲ್ ಸಾಕು, ವೆಚ್ಚವೂ ಅಲ್ಪ. ಉಪಾಯ ನಿಜಕ್ಕೂ ಜಾಣತನದ್ದು. ಆದರೆ ಚೆನ್ನೈ, ವೆಲ್ಲೂರು ಮತ್ತು ಮುಂಬೈಗಳ ರೋಗಿಗಳಲ್ಲಿ ಮೂತ್ರಪರೀಕ್ಷೆಯೊಂದಿಗೆ ಹೋಲಿಸಿ ನೋಡಿದಾಗ ಕರೆಗೂ ಸೇವನೆಗೂ ಸಾಕಷ್ಟು ವ್ಯತ್ಯಾಸ ಕಂಡುಬಂತು. ಕರೆ ಮಾಡಿದವರೆಲ್ಲ ಔಷಧ ನುಂಗಿರಲಿಲ್ಲ. ನುಂಗಿದವರೆಲ್ಲ ಕರೆ ಮಾಡಿರಲಿಲ್ಲ. ಮನೆಗೆ ಹೋಗಿ ಮಾತನಾಡಿಸುವ ಆಶಾ ಕಾರ್ಯಕರ್ತೆಯ ಕೆಲಸ ಇದರಿಂದ ಕಡಿಮೆಯಾಗಲಿಲ್ಲ.

ಗ್ರಾಮ ಪಂಚಾಯತಿನ ಪಾತ್ರವಿರುವುದು ಇಲ್ಲಿಯೇ. ಉಪಕೇಂದ್ರ ಮಟ್ಟದ ಆಯುಷ್ಮಾನ್ ಆರೋಗ್ಯ ಮಂದಿರದ ಜನಾರೋಗ್ಯ ಸಮಿತಿಗೆ ಮಾರ್ಗಸೂಚಿಯಂತೆ ಗ್ರಾಮ ಪಂಚಾಯತ್ ಅಧ್ಯಕ್ಷರೇ ಅಧ್ಯಕ್ಷರು. ಸಮುದಾಯ ಆರೋಗ್ಯ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಸಮಿತಿಯ ಸಭೆಯಲ್ಲಿ ಮೂರು ನಾಲ್ಕು ಔಷಧಗಳನ್ನು ಆಯ್ದು, ಕಪಾಟಿನಲ್ಲಿರುವ ಗುಳಿಗೆಗಳನ್ನು ಎಣಿಸಿ ಪರದೆಯ ಲೆಕ್ಕದೊಂದಿಗೆ ತಾಳೆ ನೋಡುವುದಕ್ಕೆ ಹತ್ತು ನಿಮಿಷ ಸಾಕು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಔಷಧಗಳನ್ನು ಮೊದಲು ನೋಡುವುದು ಯುಕ್ತ, ಏಕೆಂದರೆ ಅವು ಒಂದು ವಾರ ಇಲ್ಲವಾದರೂ ರೋಗಿಗಳು ಬೇರೆ ಬ್ರ್ಯಾಂಡ್ ಕೊಂಡು ಗೊಂದಲ ಆರಂಭವಾಗುತ್ತದೆ. ಅಂತರ ಕಂಡರೆ ಸಿಬ್ಬಂದಿಯನ್ನು ದೂರುವ ಮೊದಲು ವಿದ್ಯುತ್ ಮತ್ತು ಅಂತರ್ಜಾಲದ ಸ್ಥಿತಿಯನ್ನು ವಿಚಾರಿಸತಕ್ಕದ್ದು. ಯುಪಿಎಸ್, ಅಂತರ್ಜಾಲ ಸಂಪರ್ಕ ಮೊದಲಾದ ಅಗತ್ಯಗಳನ್ನು ಗ್ರಾಮ ಪಂಚಾಯತ್ ಅಭಿವೃದ್ಧಿ ಯೋಜನೆಯ ಆರೋಗ್ಯ ವಿಷಯದಡಿ ಚರ್ಚೆಗೆ ತರಬಹುದು.

ಹಿರಿಯರ ಮನೆಗಳಿಗೆ ಅತ್ಯಂತ ಅಗ್ಗದ ಸಾಧನವೆಂದರೆ ಔಷಧಗಳ ಒಂದೇ ಪಟ್ಟಿ. ಮನೆಯಲ್ಲಿರುವ ಎಲ್ಲ ಔಷಧಗಳನ್ನು ಚೀಲದಲ್ಲಿ ಉಪಕೇಂದ್ರಕ್ಕೆ ತಂದು, ಆರೋಗ್ಯ ಅಧಿಕಾರಿಯಿಂದ ಮೂಲ ಹೆಸರು, ಪ್ರಮಾಣ, ವೇಳೆಗಳನ್ನು ಕನ್ನಡದಲ್ಲಿ ಬರೆಸಿ, ಅದರ ಛಾಯಾಚಿತ್ರವನ್ನು ಪರವೂರಿನ ಮಕ್ಕಳ ಮೊಬೈಲಿಗೂ ಕಳುಹಿಸಿದರೆ ಮುಂದಿನ ವೈದ್ಯರಿಗೆ ತೋರಿಸಲು ಅನುಕೂಲ. ಹೀಗೆ ಬರೆಸುವಾಗ ವಾರಕ್ಕೊಮ್ಮೆ ಮಾತ್ರ ಸೇವಿಸಬೇಕಾದ ಔಷಧಗಳ ಕಡೆಗೆ ವಿಶೇಷ ಗಮನ ಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಅಂಥದ್ದು. ಅದನ್ನು ತಪ್ಪಿ ದಿನವೂ ಸೇವಿಸಿದವರು ಮೃತಪಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ವಾರದ ಹೆಸರನ್ನು ಸ್ಪಷ್ಟವಾಗಿ ಬರೆಸಿ, ಮೊಬೈಲಿನಲ್ಲಿ ಅದೇ ವಾರಕ್ಕೆ ಅಲಾರಾಂ ಇಡಿಸಬಹುದು. ಪಟ್ಟಿ ಬರೆಸಿದ ಮಾತ್ರಕ್ಕೆ ಯಾವ ಔಷಧವನ್ನೂ ತಾವಾಗಿ ನಿಲ್ಲಿಸಬಾರದು. ಆ ನಿರ್ಧಾರ ವೈದ್ಯರದ್ದು.

ಗೋಪ್ಯತೆಯ ವಿಷಯದಲ್ಲಿ ಸದಸ್ಯರು ವಿಶೇಷ ಎಚ್ಚರ ವಹಿಸತಕ್ಕದ್ದು. ಕ್ಷಯ ಅಥವಾ ಮಾನಸಿಕ ಕಾಯಿಲೆಯ ಔಷಧ ಪಡೆಯುವವರ ಹೆಸರನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ರೋಗಿಯನ್ನು ಚಿಕಿತ್ಸೆಯಿಂದಲೇ ದೂರ ಓಡಿಸುತ್ತದೆ. ಎಚ್‌ಐವಿ ಸೋಂಕಿತರ ಗುರುತನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಸಭೆಗೆ ಬೇಕಾದದ್ದು ಸಂಖ್ಯೆ, ಹೆಸರಲ್ಲ.

ಔಷಧ ಸೇವಿಸಿದ ಬಳಿಕ ಮೈಮೇಲೆ ಗಂದೆ, ಮುಖ ಊತ, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು. ಔಷಧದ ಪಟ್ಟಿಯನ್ನು ಎಸೆಯದೆ ಜೊತೆಗೆ ಒಯ್ಯಬೇಕು. 2010ರಿಂದ ನಡೆಯುತ್ತಿರುವ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ಇಂಥ ಪ್ರಕರಣಗಳನ್ನು ವೈದ್ಯರಷ್ಟೇ ಅಲ್ಲ, ರೋಗಿಯ ಮನೆಯವರೂ ತಿಳಿಸಬಹುದು. ಉಚಿತ ಸಹಾಯವಾಣಿ 1800-180-3024. ಈ ಸಂಖ್ಯೆಯನ್ನು ಪಂಚಾಯತ್ ಕಚೇರಿ, ಗ್ರಂಥಾಲಯ ಮತ್ತು ಉಪಕೇಂದ್ರದ ಫಲಕಗಳಲ್ಲಿ ಬರೆಸುವುದು.